ಸರ್ವರ್ ನಿಗಾ ಟೆಂಪ್ಲೇಟ್‌ಗಳು

ಸರ್ವರ್‌ಗಳನ್ನು ಹಗಲಿರುಳು ಕಾಯುವ ನಿಗಾ ತಂತ್ರಾಂಶಕ್ಕೆ ಕೆಲವು ಸೂಚನೆಗಳನ್ನು ಮೊದಲೇ ಬರೆದುಕೊಡಬೇಕು. ಯಾವ ಯಂತ್ರದಲ್ಲಿ ಏನನ್ನು ನೋಡಬೇಕು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಯಾವ ಮಿತಿ ದಾಟಿದರೆ ಎಚ್ಚರಿಸಬೇಕು, ಆ ಎಚ್ಚರಿಕೆ ಯಾರಿಗೆ, ಯಾವ ವೇಳೆಯಲ್ಲಿ ಮುಟ್ಟಬೇಕು ಎಂಬ ಸೂಚನೆಗಳು ಅವು. ಇವನ್ನು ಒಂದೇ ಕಡೆ ಬರೆದಿಟ್ಟು, ಬೇಕಾದ ಯಂತ್ರಗಳಿಗೆಲ್ಲ ಅನ್ವಯಿಸುವ ಮಾದರಿ ವ್ಯಾಖ್ಯೆಯೇ ನಿಗಾ ಟೆಂಪ್ಲೇಟ್. ನಾಗಿಯೋಸ್, ಐಸಿಂಗ, ಜ್ಯಾಬಿಕ್ಸ್, ಚೆಕ್‌ಎಂಕೆ, ಕ್ಯಾಕ್ಟಿ ಮೊದಲಾದ ಮುಕ್ತ ತಂತ್ರಾಂಶಗಳಲ್ಲೂ, ಚೆನ್ನೈ ಮೂಲದ ಜೋಹೊ ಕಂಪನಿಯ ಆಪ್‌ಮ್ಯಾನೇಜರ್‌ನಂಥ ವಾಣಿಜ್ಯ ತಂತ್ರಾಂಶಗಳಲ್ಲೂ ಈ ಕಲ್ಪನೆ ಒಂದಲ್ಲ ಒಂದು ರೂಪದಲ್ಲಿದೆ. ಪ್ರೊಮೀಥಿಯಸ್‌ನಂಥ ಹೊಸ ಪೀಳಿಗೆಯ ತಂತ್ರಾಂಶಗಳು ಇದೇ ಉದ್ದೇಶವನ್ನು ಬೇರೆ ದಾರಿಯಲ್ಲಿ ಸಾಧಿಸಿವೆ.

ಟೆಂಪ್ಲೇಟ್‌ನಿಂದ ಟೈಪಿಂಗ್ ಉಳಿಯುತ್ತದೆ ಎಂದಷ್ಟೇ ಹೇಳುವುದು ವಾಡಿಕೆ. ಅದು ಸಣ್ಣ ಲಾಭ. ಒಂದು ತೀರ್ಮಾನ ಒಂದೇ ಜಾಗದಲ್ಲಿ ನೆಲೆಸುತ್ತದೆ ಎಂಬುದು ನಿಜವಾದ ಲಾಭ. ಇಟ್ಟಿಗೆ ಒಮ್ಮೆ ಅಚ್ಚಿನಿಂದ ಹೊರಬಂದರೆ ಅಚ್ಚಿನ ಜೊತೆಗಿನ ನಂಟು ಅಲ್ಲಿಗೆ ಮುಗಿಯುತ್ತದೆ. ಟೆಂಪ್ಲೇಟ್ ಬಳಸಿದ ಯಂತ್ರದ ನಂಟು ಮಾತ್ರ ಹಾಗೇ ಉಳಿಯುತ್ತದೆ. ಟೆಂಪ್ಲೇಟನ್ನು ತಿದ್ದಿದರೆ ಅದನ್ನು ಬಳಸಿದ ಎಲ್ಲ ಯಂತ್ರಗಳ ಮೇಲಿನ ನಿಗಾ ಬದಲಾಗುತ್ತದೆ. ಈ ಗುಣವೇ ಅದರ ಬಲ. ತೊಂದರೆಗಳ ಮೂಲವೂ ಇದೇ ಗುಣ.

ಹಿನ್ನೆಲೆ

ಸಮಸ್ಯೆಯ ಗಾತ್ರವನ್ನು ಒಂದು ಲೆಕ್ಕದಲ್ಲಿ ಕಾಣಬಹುದು. ಒಂದು ಸಾಧಾರಣ ಸಂಸ್ಥೆಯಲ್ಲಿ 50 ಸರ್ವರ್‌ಗಳಿವೆ ಎನ್ನೋಣ. ಪ್ರತಿಯೊಂದರಲ್ಲೂ ಪಿಂಗ್, ಎಸ್‌ಎಸ್‌ಎಚ್, ಸಿಪಿಯು ಲೋಡ್, ಮೆಮೊರಿ, ಸ್ವಾಪ್, ಡಿಸ್ಕ್, ಗಡಿಯಾರದ ವೇಳೆ, ಪ್ರೋಸೆಸ್‌ಗಳ ಸಂಖ್ಯೆ ಎಂದು 8 ಪರೀಕ್ಷೆ. ಅಲ್ಲಿಗೆ 400 ವ್ಯಾಖ್ಯೆಗಳಾದವು. ಒಂದೊಂದಕ್ಕೆ 10 ಸಾಲು ಹಿಡಿದರೂ ಒಟ್ಟು 4,000 ಸಾಲು. ಇಷ್ಟೆಲ್ಲದರಲ್ಲಿ ಯಂತ್ರದಿಂದ ಯಂತ್ರಕ್ಕೆ ನಿಜವಾಗಿ ಬದಲಾಗುವುದು ಹೆಸರು, ಐಪಿ ವಿಳಾಸ, ಅಲ್ಲೊಂದು ಇಲ್ಲೊಂದು ಮಿತಿ. ಉಳಿದದ್ದು ಬರೀ ನಕಲು. ಕಾಪಿ ಮಾಡಿ ಅಂಟಿಸಲು ಹೆಚ್ಚು ಹೊತ್ತು ಬೇಡ. ಕಷ್ಟ ಶುರುವಾಗುವುದು ಆಮೇಲೆ. ಅಲರ್ಟ್ ಪಡೆಯುತ್ತಿದ್ದವರು ಕೆಲಸ ಬಿಟ್ಟಾಗ, ಐದು ನಿಮಿಷಕ್ಕೊಮ್ಮೆ ನಡೆಯುತ್ತಿದ್ದ ಪರೀಕ್ಷೆಯನ್ನು ಒಂದು ನಿಮಿಷಕ್ಕೆ ಇಳಿಸಬೇಕಾದಾಗ, 400 ಕಡೆ ತಿದ್ದಬೇಕು. ಎಲ್ಲೋ ಎರಡು ಮೂರು ಕಡೆ ತಿದ್ದುಪಡಿ ತಪ್ಪಿಹೋಗುತ್ತದೆ. ತಪ್ಪಿಹೋದದ್ದು ಗೊತ್ತಾಗುವುದು ಆ ಯಂತ್ರವೇ ಕೆಟ್ಟ ದಿನ.

ಈ ತೊಡಕನ್ನು ಮೊದಲು ಎದುರಿಸಿದವರು ನೆಟ್‌ವರ್ಕ್ ನಡೆಸುತ್ತಿದ್ದವರು. ಟೋಬಿಯಸ್ ಓಟಿಕರ್ 1995ರಲ್ಲಿ ಹೊರತಂದ ಎಂಆರ್‌ಟಿಜಿ ತಂತ್ರಾಂಶದ ಜೊತೆ ಕಾನ್ಫಿಗ್‌ಮೇಕರ್ ಎಂಬ ಉಪಕರಣವೊಂದು ಬರುತ್ತದೆ. ಅದು ಎಸ್‌ಎನ್‌ಎಂಪಿ ಎಂಬ ನೆಟ್‌ವರ್ಕ್ ನಿಯಮಾವಳಿಯ ಮೂಲಕ ರೌಟರ್ ಅನ್ನೇ ವಿಚಾರಿಸಿ, ಅದರಲ್ಲಿರುವ ಇಂಟರ್‌ಫೇಸ್‌ಗಳಿಗೆ ಬೇಕಾದ ಕಾನ್ಫಿಗ್ ಫೈಲನ್ನು ತಾನೇ ಬರೆದುಕೊಡುತ್ತದೆ. 2001ರಲ್ಲಿ ಬಂದ ಕ್ಯಾಕ್ಟಿ ಇನ್ನೊಂದು ಹೆಜ್ಜೆ ಮುಂದಿಟ್ಟು ಗ್ರಾಫ್, ದತ್ತಾಂಶ, ಹೋಸ್ಟ್ (ನಿಗಾದಲ್ಲಿರುವ ಯಂತ್ರ) ಮೂರಕ್ಕೂ ಬೇರೆ ಬೇರೆ ಟೆಂಪ್ಲೇಟ್‌ಗಳನ್ನು ಇಟ್ಟಿತು. ಇವೆರಡೂ ಮುಖ್ಯವಾಗಿ ಗ್ರಾಫ್ ಬಿಡಿಸುವ ತಂತ್ರಾಂಶಗಳು. ಕೆಟ್ಟದ್ದನ್ನು ಪತ್ತೆಹಚ್ಚಿ ಸಿಬ್ಬಂದಿಯನ್ನು ಎಬ್ಬಿಸುವ ತಂತ್ರಾಂಶಗಳಲ್ಲಿ ಟೆಂಪ್ಲೇಟ್ ಪದ್ಧತಿಯನ್ನು ಎಲ್ಲೆಡೆ ಹಬ್ಬಿಸಿದ್ದು ನಾಗಿಯೋಸ್.

ನಾಗಿಯೋಸ್‌ನ ಬಳುವಳಿ ಕ್ರಮ

ಅಮೆರಿಕದ ಈಥನ್ ಗಾಲ್‌ಸ್ಟಾಡ್ ಅವರು 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ, ಟ್ರೇಡ್‌ಮಾರ್ಕ್ ತಕರಾರಿನ ಕಾರಣ 2002ರಲ್ಲಿ ನಾಗಿಯೋಸ್ ಆಯಿತು. ನೆಟ್‌ಸೇಂಟ್ ಕಾಲದ ಕಾನ್ಫಿಗ್ ಫೈಲಿನಲ್ಲಿ ಒಂದು ಪರೀಕ್ಷೆಗೆ ಒಂದು ಉದ್ದನೆಯ ಸಾಲು. ವಿವರಗಳ ನಡುವೆ ಬರೀ ಸೆಮಿಕೋಲನ್. ಎಷ್ಟನೆಯ ಸ್ಥಾನದಲ್ಲಿ ಯಾವ ವಿವರ ಬರಬೇಕೆಂಬುದನ್ನು ಬರೆಯುವವರು ನೆನಪಿಟ್ಟುಕೊಳ್ಳಬೇಕಿತ್ತು. ನಾಗಿಯೋಸ್ ಇದರ ಜಾಗದಲ್ಲಿ ವಸ್ತುಗಳ ವ್ಯಾಖ್ಯೆಯನ್ನು ತಂದಿತು. ಹೋಸ್ಟ್, ಸರ್ವಿಸ್ (ಹೋಸ್ಟ್ ಮೇಲೆ ನಡೆಯುವ ಒಂದು ಪರೀಕ್ಷೆ), ಸಂಪರ್ಕ ವ್ಯಕ್ತಿ, ವೇಳಾವಧಿ, ಕಮಾಂಡ್, ಹೀಗೆ ಪ್ರತಿಯೊಂದೂ ಒಂದು ಬಗೆಯ ವಸ್ತು. ಪ್ರತಿ ವಸ್ತುವಿನ ಒಳಗೆ ಹೆಸರು ಮತ್ತು ಬೆಲೆಗಳ ಜೋಡಿಗಳು.

ಟೆಂಪ್ಲೇಟ್‌ಗಾಗಿ ನಾಗಿಯೋಸ್ ಬಳಸುವುದು ಮೂರೇ ಮೂರು ಪದ. ‘ನೇಮ್’ ಎಂಬುದು ಟೆಂಪ್ಲೇಟ್‌ಗೆ ಕೊಟ್ಟ ಹೆಸರು. ‘ಯೂಸ್’ ಎಂದರೆ ಆ ಹೆಸರಿನ ಟೆಂಪ್ಲೇಟ್‌ನಲ್ಲಿರುವುದೆಲ್ಲ ಇಲ್ಲಿಗೆ ಬಳುವಳಿಯಾಗಿ ಬರಲಿ ಎಂದು. ‘ರಿಜಿಸ್ಟರ್ 0’ ಎಂದರೆ ಇದು ನಿಜವಾದ ಯಂತ್ರವಲ್ಲ, ಬರೀ ಮಾದರಿ, ಇದನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡ ಎಂದು. ಈ ಕೊನೆಯದು ಮಾತ್ರ ಬಳುವಳಿಯಾಗಿ ಇಳಿಯುವುದಿಲ್ಲ. ಇಳಿದಿದ್ದರೆ ಟೆಂಪ್ಲೇಟ್ ಬಳಸಿದ ಪ್ರತಿ ಯಂತ್ರವೂ ಪಟ್ಟಿಯಿಂದ ಮಾಯವಾಗುತ್ತಿತ್ತು.

ನಿಯಮಗಳು ಸರಳ. ಯಂತ್ರದ ಸ್ವಂತ ವ್ಯಾಖ್ಯೆಯಲ್ಲಿ ಬರೆದದ್ದು ಟೆಂಪ್ಲೇಟ್‌ನಿಂದ ಬಂದದ್ದನ್ನು ಮೀರುತ್ತದೆ. ಒಂದು ಟೆಂಪ್ಲೇಟ್ ಇನ್ನೊಂದರಿಂದ ಬಳುವಳಿ ಪಡೆಯಬಹುದು. ಒಂದೇ ವಸ್ತು ಹಲವು ಟೆಂಪ್ಲೇಟ್‌ಗಳನ್ನು ಅಲ್ಪವಿರಾಮ ಹಾಕಿ ಹೆಸರಿಸಬಹುದು. ಎರಡರಲ್ಲೂ ಒಂದೇ ವಿವರವಿದ್ದರೆ ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೆ ಮನ್ನಣೆ. ಬಂದ ಬೆಲೆಯನ್ನು ಬೇಡವೆನ್ನಲು ಅದರ ಜಾಗದಲ್ಲಿ ‘ನಲ್’ ಎಂದು ಬರೆಯಬೇಕು. ಬಂದದ್ದನ್ನು ಅಳಿಸದೆ ಅದಕ್ಕೆ ಸೇರಿಸಬೇಕಿದ್ದರೆ ಬೆಲೆಯ ಮೊದಲಿಗೆ + ಚಿಹ್ನೆ ಇಡಬೇಕು. ಉದಾಹರಣೆಗೆ, ಎಲ್ಲ ಲಿನಕ್ಸ್ ಯಂತ್ರಗಳ ಅಲರ್ಟ್ ‘ಅಡ್ಮಿನ್ಸ್’ ಗುಂಪಿಗೆ ಹೋಗುತ್ತಿದ್ದು, ಡೇಟಾಬೇಸ್ ಯಂತ್ರಗಳದ್ದು ಅದರ ಜೊತೆಗೆ ಡಿಬಿಎ (ಡೇಟಾಬೇಸ್ ನಿರ್ವಾಹಕರ) ಗುಂಪಿಗೂ ಹೋಗಬೇಕಿದ್ದರೆ ಈ + ಚಿಹ್ನೆ ಸಾಕು. ಅದನ್ನು ಮರೆತರೆ ಡಿಬಿಎಗಳಿಗೆ ಮಾತ್ರ ಸುದ್ದಿ ಹೋಗುತ್ತದೆ, ಅಡ್ಮಿನ್‌ಗಳಿಗೆ ಏನೂ ಬರುವುದಿಲ್ಲ. ತಂತ್ರಾಂಶದ ಕಣ್ಣಿಗೆ ಇದು ತಪ್ಪೇ ಅಲ್ಲವಾದ್ದರಿಂದ ಅದು ದೂರುವುದೂ ಇಲ್ಲ.

ಬರೆಯದೆಯೇ ನಡೆಯುವ ಬಳುವಳಿಯೂ ಒಂದಿದೆ. ಸರ್ವಿಸ್ ವ್ಯಾಖ್ಯೆಯಲ್ಲಾಗಲಿ ಅದರ ಟೆಂಪ್ಲೇಟ್‌ನಲ್ಲಾಗಲಿ ಸಂಪರ್ಕ ಗುಂಪು, ಅಲರ್ಟ್‌ಗಳ ನಡುವಿನ ಅಂತರ, ಅಲರ್ಟ್ ಅವಧಿ ಈ ಮೂರನ್ನು ಹೇಳದಿದ್ದರೆ ನಾಗಿಯೋಸ್ ಅವನ್ನು ಆಯಾ ಹೋಸ್ಟ್‌ನಿಂದ ತೆಗೆದುಕೊಳ್ಳುತ್ತದೆ. ಇದನ್ನು ಬಲ್ಲವರು ಈ ಮೂರನ್ನು ಸರ್ವಿಸ್ ಟೆಂಪ್ಲೇಟ್‌ಗಳಿಂದ ತೆಗೆದು ಹೋಸ್ಟ್ ಕಡೆಗೇ ಬಿಡುತ್ತಾರೆ. ಯಾರಿಗೆ ಹೇಳಬೇಕೆಂಬುದು ಯಂತ್ರದ ಒಡೆತನಕ್ಕೆ ಸೇರಿದ ಮಾತು, ಏನನ್ನು ನೋಡಬೇಕೆಂಬುದು ಪರೀಕ್ಷೆಗೆ ಸೇರಿದ ಮಾತು. ಎರಡನ್ನೂ ಹೀಗೆ ಬೇರೆ ಇಟ್ಟರೆ ಟೆಂಪ್ಲೇಟ್‌ಗಳ ಸಂಖ್ಯೆ ಅರ್ಧಕ್ಕಿಳಿಯುವುದುಂಟು.

ಮಾದರಿ ಫೈಲಿನ ಒಳಗೆ

ನಾಗಿಯೋಸ್ ಇನ್‌ಸ್ಟಾಲ್ ಮಾಡಿದಾಗ ಜೊತೆಗೆ ಬರುವ ಮಾದರಿ ಟೆಂಪ್ಲೇಟ್ ಫೈಲನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಅದರಲ್ಲಿ ‘ಜೆನೆರಿಕ್ ಹೋಸ್ಟ್’ ಎಂಬ ತಾಯಿ ಟೆಂಪ್ಲೇಟ್ ಇದೆ. ಅದರ ಕೆಳಗೆ ‘ಲಿನಕ್ಸ್ ಸರ್ವರ್’, ‘ವಿಂಡೋಸ್ ಸರ್ವರ್’, ಪ್ರಿಂಟರ್, ಸ್ವಿಚ್‌ಗಳ ಟೆಂಪ್ಲೇಟ್‌ಗಳು. ಜೆನೆರಿಕ್ ಹೋಸ್ಟ್‌ನಲ್ಲಿ ಅಲರ್ಟ್ ಅವಧಿ ವಾರದ ಏಳೂ ದಿನ, ದಿನದ 24 ಗಂಟೆ. ಅದರಿಂದ ಬಳುವಳಿ ಪಡೆದ ಲಿನಕ್ಸ್ ಸರ್ವರ್ ಟೆಂಪ್ಲೇಟ್ ಇದನ್ನು ಬದಲಿಸಿ ಕೆಲಸದ ವೇಳೆ, ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರಿಂದ ಸಂಜೆ 5 ಎಂದು ಇಡುತ್ತದೆ. ಲಿನಕ್ಸ್ ಅಡ್ಮಿನ್‌ಗಳಿಗೆ ನಿದ್ದೆಯಿಂದ ಎಬ್ಬಿಸಿದರೆ ಆಗದು ಎಂಬ ಟಿಪ್ಪಣಿಯೂ, ತಾಯಿ ಟೆಂಪ್ಲೇಟ್‌ನ ಬೆಲೆಯನ್ನು ಇಲ್ಲಿ ಮೀರಲಾಗಿದೆ ಎಂಬ ಸೂಚನೆಯೂ ಅಲ್ಲೇ ಇವೆ. ಮೀರುವ ಕ್ರಮವನ್ನು ಕಲಿಸಲು ಇಟ್ಟ ಉದಾಹರಣೆ ಅದು.

ಆದರೆ ಮಾದರಿ ಫೈಲನ್ನು ಓದದೆ ಹಾಗೇ ಬಳಸಿದರೆ ಏನಾಗುತ್ತದೆ? ಶುಕ್ರವಾರ ರಾತ್ರಿ 11ಕ್ಕೆ ಸರ್ವರ್ ಬಿದ್ದಿತು ಎನ್ನೋಣ. ಅಲರ್ಟ್ ಅವಧಿ ಮುಗಿದಿರುವುದರಿಂದ ಹೋಸ್ಟ್ ಬಿದ್ದ ಸುದ್ದಿ ಹೋಗುವುದಿಲ್ಲ. ಆ ಯಂತ್ರದ ಮೇಲಿನ ವೆಬ್, ಡೇಟಾಬೇಸ್ ಪರೀಕ್ಷೆಗಳೆಲ್ಲ ವಿಫಲವಾಗುತ್ತವೆ. ಅವುಗಳ ಅಲರ್ಟ್ ಅವಧಿ 24 ಗಂಟೆ ಇದ್ದರೂ ಅವುಗಳಿಂದಲೂ ಸುದ್ದಿ ಬರುವುದಿಲ್ಲ, ಏಕೆಂದರೆ ಹೋಸ್ಟೇ ಬಿದ್ದಿರುವಾಗ ಸರ್ವಿಸ್‌ಗಳ ಅಲರ್ಟನ್ನು ನಾಗಿಯೋಸ್ ತಡೆಹಿಡಿಯುತ್ತದೆ. ಒಂದೇ ಕಾರಣಕ್ಕೆ ಹತ್ತಾರು ಸಂದೇಶ ಹೋಗಬಾರದೆಂಬ ಒಳ್ಳೆಯ ಉದ್ದೇಶದ ಏರ್ಪಾಡು ಅದು. ಎರಡೂ ಸೇರಿದಾಗ ಮೊದಲ ಸಂದೇಶ ಹೊರಡುವುದು ಸೋಮವಾರ ಬೆಳಿಗ್ಗೆ 9ಕ್ಕೆ. ಯಾವ ಸಾಲೂ ತಪ್ಪಲ್ಲ. ಬಳುವಳಿಯಾಗಿ ಬಂದ ಒಂದು ಸಾಲನ್ನು ಓದದೆ ಬಿಟ್ಟದ್ದಷ್ಟೇ ತಪ್ಪು.

ಅದೇ ಟೆಂಪ್ಲೇಟ್‌ನ ಇನ್ನೂ ಮೂರು ಅಂಕಿಗಳನ್ನು ನೋಡಿ. ಲಿನಕ್ಸ್ ಸರ್ವರ್ ಪರೀಕ್ಷೆ 5 ನಿಮಿಷಕ್ಕೊಮ್ಮೆ, ವಿಫಲವಾದರೆ ಮರುಪರೀಕ್ಷೆ 1 ನಿಮಿಷಕ್ಕೊಮ್ಮೆ, ಗರಿಷ್ಠ ಪ್ರಯತ್ನ 10. ಮೊದಲ ವೈಫಲ್ಯವನ್ನು ನಾಗಿಯೋಸ್ ಮೃದು ಸ್ಥಿತಿ ಎಂದು ಗುರುತಿಸಿಕೊಂಡು ಸುಮ್ಮನಿರುತ್ತದೆ. ಹತ್ತನೆಯ ಪ್ರಯತ್ನವೂ ಸೋತಾಗ ಗಟ್ಟಿ ಸ್ಥಿತಿ ಎಂದು ಪರಿಗಣಿಸಿ ಅಲರ್ಟ್ ಕಳಿಸುತ್ತದೆ. ಅಂದರೆ ಮೊದಲ ವೈಫಲ್ಯ ಕಂಡ 9 ನಿಮಿಷದ ನಂತರ ಸುದ್ದಿ. ಅದಕ್ಕೂ ಮೊದಲು ವೈಫಲ್ಯ ಕಣ್ಣಿಗೆ ಬೀಳಲು 5 ನಿಮಿಷದವರೆಗೂ ಹಿಡಿಯಬಹುದು. ಕಚೇರಿಯ ಫೈಲ್ ಸರ್ವರ್‌ಗೆ ಇದು ಸಾಕು. ಹಣ ಪಾವತಿಯ ಸರ್ವರ್‌ಗೆ 14 ನಿಮಿಷ ಬಹಳ ಹೆಚ್ಚಾಯಿತು. ಇಂಥ ಯಂತ್ರಕ್ಕೆ ‘ತುರ್ತು’ ಎಂಬ ಇನ್ನೊಂದು ಟೆಂಪ್ಲೇಟ್ ಬರೆದು, ಮೂರು ಅಂಕಿಗಳನ್ನು ಮಾತ್ರ ಬದಲಿಸಿ, ಯೂಸ್ ಪಟ್ಟಿಯಲ್ಲಿ ಅದನ್ನು ಮೊದಲು ಇಟ್ಟರೆ ಕೆಲಸ ಮುಗಿಯಿತು. ಎರಡನೆಯ ಸ್ಥಾನದಲ್ಲಿಟ್ಟರೆ ಏನೂ ಬದಲಾಗುವುದಿಲ್ಲ.

ಮಿತಿಗಳ ವಿಷಯ ಇನ್ನೂ ಸೂಕ್ಷ್ಮ. ಡಿಸ್ಕ್‌ನಲ್ಲಿ ಶೇ. 10ಕ್ಕಿಂತ ಕಡಿಮೆ ಜಾಗ ಉಳಿದರೆ ಗಂಭೀರ ಎಂದು ಟೆಂಪ್ಲೇಟ್‌ನಲ್ಲಿ ಬರೆಯುವುದು ರೂಢಿ. 40 ಜಿಬಿ ಡಿಸ್ಕ್‌ನಲ್ಲಿ ಅದು 4 ಜಿಬಿ, ಎಚ್ಚರಿಸಲೇಬೇಕಾದ ಸ್ಥಿತಿ. 10 ಟಿಬಿ ಡಿಸ್ಕ್‌ನಲ್ಲಿ ಅದೇ ಶೇ. 10 ಎಂದರೆ 1 ಟಿಬಿ, ತಿಂಗಳುಗಟ್ಟಲೆ ಸಾಕಾದೀತು. ಹೀಗೆ ಸುಮ್ಮಸುಮ್ಮನೆ ಕೂಗುವ ಅಲರ್ಟ್‌ಗೆ ಸಿಬ್ಬಂದಿ ಕಿವಿಗೊಡುವುದನ್ನು ನಿಲ್ಲಿಸುತ್ತಾರೆ. ಇದಕ್ಕೆ ಪರಿಹಾರ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಸ್ವಂತ ಚರಾಂಶಗಳು. ಟೆಂಪ್ಲೇಟ್‌ನಲ್ಲಿ ಡಿಸ್ಕ್ ಮಿತಿಗೆ ಒಂದು ಸಾಮಾನ್ಯ ಬೆಲೆ ಇರುತ್ತದೆ. ದೊಡ್ಡ ಡಿಸ್ಕ್‌ನ ಯಂತ್ರ ತನ್ನ ವ್ಯಾಖ್ಯೆಯಲ್ಲಿ ಆ ಒಂದು ಬೆಲೆಯನ್ನು ಮಾತ್ರ ಬದಲಿಸುತ್ತದೆ. ಪರೀಕ್ಷೆಯ ಕಮಾಂಡ್ ಮ್ಯಾಕ್ರೋ, ಅಂದರೆ ಬೆಲೆಯ ಬದಲಿಗೆ ಬರೆದ ಹೆಸರಿನ ಮೂಲಕ ಆ ಬೆಲೆಯನ್ನು ಎತ್ತಿಕೊಳ್ಳುತ್ತದೆ. ಪರೀಕ್ಷೆ ನಡೆಯುವ ರೀತಿ ಒಂದೇ, ಅಂಕಿ ಮಾತ್ರ ಬೇರೆ. ಒಳ್ಳೆಯ ಟೆಂಪ್ಲೇಟ್ ಎಂದರೆ ಬದಲಾಗುವುದನ್ನೂ ಬದಲಾಗದ್ದನ್ನೂ ಹೀಗೆ ಬಿಡಿಸಿಟ್ಟದ್ದು.

ವೇಳೆಯ ಟೆಂಪ್ಲೇಟ್

ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊರದೇಶದ ಗ್ರಾಹಕರ ಸರ್ವರ್‌ಗಳನ್ನು ಪಾಳಿಯಲ್ಲಿ ಕಾಯುವವರಿಗೆ ವೇಳಾವಧಿಯ ವ್ಯಾಖ್ಯೆ ಚೆನ್ನಾಗಿ ಪರಿಚಿತ. ನಿಗಾ ಸರ್ವರ್‌ನ ಗಡಿಯಾರ ಭಾರತೀಯ ಕಾಲಮಾನದಲ್ಲಿದ್ದರೆ, ನ್ಯೂಯಾರ್ಕ್ ಗ್ರಾಹಕರ ಬೆಳಿಗ್ಗೆ 9ರಿಂದ ಸಂಜೆ 5 ಎಂಬುದು ಬೇಸಿಗೆಯಲ್ಲಿ ನಮ್ಮ ಸಂಜೆ 6.30ರಿಂದ ನಸುಕಿನ 2.30. ನಾಗಿಯೋಸ್‌ನ ವೇಳಾವಧಿ ಮಧ್ಯರಾತ್ರಿಯನ್ನು ಒಂದೇ ತುಂಡಿನಲ್ಲಿ ದಾಟಲಾರದು. ಆದ್ದರಿಂದ ಸೋಮವಾರಕ್ಕೆ 18.30ರಿಂದ 24.00, ಮಂಗಳವಾರಕ್ಕೆ 00.00ರಿಂದ 02.30 ಮತ್ತೆ 18.30ರಿಂದ 24.00, ಹೀಗೆ ಬರೆಯುತ್ತ ಹೋಗಿ ಕೊನೆಗೆ ಶನಿವಾರದ ನಸುಕಿಗೂ ಒಂದು ತುಂಡು ಇಡಬೇಕು. ಈ ಶನಿವಾರದ ತುಂಡೇ ಹೆಚ್ಚಾಗಿ ಮರೆತುಹೋಗುವುದು. ನ್ಯೂಯಾರ್ಕಿನಲ್ಲಿ ಆಗಿನ್ನೂ ಶುಕ್ರವಾರದ ಮಧ್ಯಾಹ್ನ, ಕಚೇರಿ ನಡೆಯುತ್ತಿರುತ್ತದೆ.

ನವೆಂಬರಿನಲ್ಲಿ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಗ ಇದೇ ಅವಧಿ ಸಂಜೆ 7.30ರಿಂದ ನಸುಕಿನ 3.30 ಆಗುತ್ತದೆ. ವೇಳೆಯನ್ನು ಪ್ರತಿ ಯಂತ್ರದಲ್ಲೂ ಬಿಡಿಬಿಡಿಯಾಗಿ ಬರೆದಿದ್ದರೆ ವರ್ಷಕ್ಕೆರಡು ಸಲ ದೊಡ್ಡ ಕೆಲಸ. ‘ನ್ಯೂಯಾರ್ಕ್ ಕಚೇರಿ ವೇಳೆ’ ಎಂಬ ಒಂದೇ ವ್ಯಾಖ್ಯೆ ಇದ್ದು, ಗ್ರಾಹಕರ ಹೋಸ್ಟ್ ಟೆಂಪ್ಲೇಟ್ ಅದರ ಕಡೆಗೆ ಬೊಟ್ಟು ಮಾಡುತ್ತಿದ್ದರೆ ತಿದ್ದುವುದು ಒಂದೇ ಜಾಗದಲ್ಲಿ. ವ್ಯಾಖ್ಯೆಗೆ ಗ್ರಾಹಕ ಕಂಪನಿಯ ಹೆಸರಿಡದೆ ಊರಿನ ಹೆಸರಿಡುವುದು ಲೇಸು. ಅದೇ ಊರಿನ ಎರಡನೆಯ ಗ್ರಾಹಕರು ಬಂದಾಗ ಹೊಸದೇನೂ ಬರೆಯಬೇಕಾಗುವುದಿಲ್ಲ.

ಬಳುವಳಿಯಿಂದ ನಿಯಮಗಳ ಕಡೆಗೆ

ಟೆಂಪ್ಲೇಟ್ ಒಂದರಿಂದಲೇ 400 ವ್ಯಾಖ್ಯೆಗಳು ಕಡಿಮೆಯಾಗುವುದಿಲ್ಲ. ಪ್ರತಿಯೊಂದೂ ಚಿಕ್ಕದಾಗುತ್ತದೆ ಅಷ್ಟೆ. ಸಂಖ್ಯೆಯೇ ಇಳಿಯಬೇಕಿದ್ದರೆ ಸರ್ವಿಸನ್ನು ಒಂದೊಂದು ಯಂತ್ರಕ್ಕೆ ಕಟ್ಟುವ ಬದಲು ಹೋಸ್ಟ್ ಗುಂಪಿಗೆ ಕಟ್ಟಬೇಕು. ‘ಲಿನಕ್ಸ್ ಯಂತ್ರಗಳು’ ಎಂಬ ಗುಂಪಿಗೆ ಡಿಸ್ಕ್ ಪರೀಕ್ಷೆಯನ್ನು ಒಮ್ಮೆ ಬರೆದರೆ ಗುಂಪಿನ 50 ಯಂತ್ರಗಳಿಗೂ ಅದು ತಾನಾಗಿ ಅನ್ವಯಿಸುತ್ತದೆ. ಹೋಸ್ಟ್ ಟೆಂಪ್ಲೇಟ್‌ನಲ್ಲೇ ಗುಂಪಿನ ಹೆಸರನ್ನು ಬರೆದಿಟ್ಟರೆ ಹೊಸ ಯಂತ್ರ ಸೇರಿಸಲು ಹೆಸರು, ವಿಳಾಸ, ಟೆಂಪ್ಲೇಟ್ ಎಂಬ ಮೂರು ಸಾಲು ಸಾಕು. ನಾಗಿಯೋಸ್‌ನಲ್ಲಿ ಮುಟ್ಟಬಹುದಾದ ಅತ್ಯಂತ ಸರಳ ರೂಪ ಇದು. ಬಹಳಷ್ಟು ಸಂಸ್ಥೆಗಳಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಾಗದು.

ನಾಗಿಯೋಸ್‌ನಿಂದ ಕವಲೊಡೆದು 2009ರ ಮೇ ತಿಂಗಳಲ್ಲಿ ಹುಟ್ಟಿದ ಐಸಿಂಗ, 2014ರಲ್ಲಿ ಹೊಸದಾಗಿ ಬರೆದ ಎರಡನೆಯ ಆವೃತ್ತಿಯಲ್ಲಿ ಈ ದಾರಿಯನ್ನು ವಿಸ್ತರಿಸಿತು. ಅದರ ಕಾನ್ಫಿಗ್ ಭಾಷೆಯಲ್ಲಿ ಟೆಂಪ್ಲೇಟ್‌ಗಳಿವೆ, ‘ಇಂಪೋರ್ಟ್’ ಇದೆ. ಅದಕ್ಕಿಂತ ಮುಖ್ಯವಾಗಿ ‘ಅಪ್ಲೈ’ ನಿಯಮಗಳಿವೆ. ಯಂತ್ರದ ವ್ಯಾಖ್ಯೆ ತನ್ನ ಬಗ್ಗೆ ಮಾತ್ರ ಹೇಳುತ್ತದೆ: ನಾನು ಲಿನಕ್ಸ್, ನನ್ನಲ್ಲಿ ಈ ಮೂರು ಡಿಸ್ಕ್ ವಿಭಾಗಗಳಿವೆ, ನಾನು ಉತ್ಪಾದನಾ ಪರಿಸರದವನು. ಲಿನಕ್ಸ್ ಆಗಿರುವ ಎಲ್ಲ ಯಂತ್ರಗಳಿಗೂ ಈ ಪರೀಕ್ಷೆ, ಡಿಸ್ಕ್ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಎಂದು ನಿಯಮ ಹೇಳುತ್ತದೆ. ಯಂತ್ರ ಎಂಥದ್ದು ಎಂಬುದೂ ಅದನ್ನು ಹೇಗೆ ಕಾಯಬೇಕು ಎಂಬುದೂ ಇಲ್ಲಿ ಪೂರ್ತಿ ಬೇರ್ಪಟ್ಟಿವೆ. ಈ ವಿಷಯದಲ್ಲಿ ಐಸಿಂಗದ ವಿನ್ಯಾಸ ನಾಗಿಯೋಸ್‌ಗಿಂತ ಖಂಡಿತ ಮೇಲು.

ನಾಗಿಯೋಸ್‌ನಿಂದ ಐಸಿಂಗಕ್ಕೆ ಬರುವವರು ಒಂದು ಮಾತು ನೆನಪಿಡಬೇಕು. ನಾಗಿಯೋಸ್‌ನಲ್ಲಿ ಮೊದಲು ಹೆಸರಿಸಿದ ಟೆಂಪ್ಲೇಟ್ ಗೆಲ್ಲುತ್ತದೆ; ಐಸಿಂಗದಲ್ಲಿ ಇಂಪೋರ್ಟ್ ಸಾಲುಗಳು ಬರೆದ ಕ್ರಮದಲ್ಲೇ ನಡೆಯುವುದರಿಂದ ಕೊನೆಯದು ಗೆಲ್ಲುತ್ತದೆ. ಹಳೆಯ ಫೈಲುಗಳನ್ನು ಸಾಲಿಗೆ ಸಾಲು ಹೊಸ ಭಾಷೆಗೆ ಇಳಿಸಿದರೆ ಮಿತಿಗಳು ಅದಲುಬದಲಾಗುತ್ತವೆ. ಯಾವ ಬೆಲೆ ಎಲ್ಲಿಂದ ಬಂತೆಂದು ತಿಳಿಯಲು ಐಸಿಂಗ ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ. ವಸ್ತುಗಳನ್ನು ಪಟ್ಟಿ ಮಾಡುವ ಕಮಾಂಡ್ ಕೊಟ್ಟರೆ ಪ್ರತಿ ಬೆಲೆಯ ಜೊತೆಗೆ ಅದನ್ನು ಬದಲಿಸಿದ ಫೈಲು ಮತ್ತು ಸಾಲಿನ ಸಂಖ್ಯೆ ಕಾಣುತ್ತದೆ. ನಾಗಿಯೋಸ್‌ನಲ್ಲಿ ಬಳುವಳಿಯೆಲ್ಲ ಬಿಡಿಸಿದ ಅಂತಿಮ ರೂಪ ಆಬ್ಜೆಕ್ಟ್ ಕ್ಯಾಶ್ ಎಂಬ ಫೈಲಿನಲ್ಲಿ ಸಿಗುತ್ತದೆ. ಎಲ್ಲಿಂದ ಬಂತೆಂಬುದನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು.

ಜರ್ಮನಿಯ ಮಥಿಯಾಸ್ ಕೆಟ್ನರ್ ಆರಂಭಿಸಿದ ಚೆಕ್‌ಎಂಕೆ ಕೂಡ ನಿಯಮಗಳನ್ನೇ ನೆಚ್ಚಿಕೊಂಡಿದೆ. ಯಂತ್ರದಲ್ಲಿ ಏನೇನಿದೆ ಎಂಬುದನ್ನು ಏಜೆಂಟ್ ಕಳಿಸಿದ ದತ್ತಾಂಶದಿಂದ ಅದು ತಾನೇ ಪತ್ತೆಹಚ್ಚುತ್ತದೆ, ಮಿತಿಗಳನ್ನು ನಿಯಮಗಳು ಕೊಡುತ್ತವೆ.

ಜ್ಯಾಬಿಕ್ಸ್

ಲಾಟ್ವಿಯಾದ ಅಲೆಕ್ಸೈ ವ್ಲಾಡಿಶೇವ್ 2001ರಲ್ಲಿ ಬಿಡುಗಡೆ ಮಾಡಿದ ಜ್ಯಾಬಿಕ್ಸ್‌ನಲ್ಲಿ ಟೆಂಪ್ಲೇಟ್ ಎಂದರೆ ಇನ್ನೂ ದೊಡ್ಡ ಗಂಟು. ಅಳೆಯಬೇಕಾದ ಅಂಶಗಳು, ಎಚ್ಚರಿಸುವ ಟ್ರಿಗರ್‌ಗಳು, ಗ್ರಾಫ್‌ಗಳು, ಪತ್ತೆ ನಿಯಮಗಳು ಎಲ್ಲ ಅದರೊಳಗೇ. ಕಾನ್ಫಿಗರೇಶನ್ ಇರುವುದು ಫೈಲಿನಲ್ಲಲ್ಲ, ಡೇಟಾಬೇಸ್‌ನಲ್ಲಿ, ಕೆಲಸವೆಲ್ಲ ಬ್ರೌಸರಿನಲ್ಲಿ. ಹೋಸ್ಟ್‌ಗೆ ಟೆಂಪ್ಲೇಟ್ ಜೋಡಿಸಿದ ಕೂಡಲೇ ಅದರಲ್ಲಿರುವುದೆಲ್ಲ ಹೋಸ್ಟ್ ಮೇಲೆ ಮೂಡುತ್ತದೆ. ಹಾಗೆ ಮೂಡಿದ ಅಂಶಗಳ ಬಹುಪಾಲು ವಿವರಗಳನ್ನು ಹೋಸ್ಟ್ ಮಟ್ಟದಲ್ಲಿ ತಿದ್ದಲು ಬರುವುದಿಲ್ಲ, ಅಳತೆಯ ಅಂತರದಂಥ ಕೆಲವನ್ನು ಮಾತ್ರ ಬದಲಿಸಬಹುದು. ಒಂದೇ ಕೀಲಿಯ ಅಂಶವಿರುವ ಎರಡು ಟೆಂಪ್ಲೇಟ್‌ಗಳನ್ನು ಒಂದೇ ಹೋಸ್ಟ್‌ಗೆ ಜೋಡಿಸಲು ಹೋದರೆ ಜ್ಯಾಬಿಕ್ಸ್ ಒಪ್ಪುವುದೇ ಇಲ್ಲ, ತಪ್ಪೆಂದು ಹೇಳಿ ನಿಲ್ಲಿಸುತ್ತದೆ. ಯಾವುದೋ ಒಂದನ್ನು ಸದ್ದಿಲ್ಲದೆ ಆರಿಸಿಕೊಳ್ಳುವ ನಾಗಿಯೋಸ್ ಪದ್ಧತಿಗಿಂತ ಈ ಬಿಗಿ ಒಳ್ಳೆಯದು.

ಮಿತಿಗಳಿಗಾಗಿ ಜ್ಯಾಬಿಕ್ಸ್‌ನಲ್ಲಿ ಬಳಕೆದಾರರ ಮ್ಯಾಕ್ರೋಗಳಿವೆ. ಇಡೀ ವ್ಯವಸ್ಥೆಗೆ ಒಂದು, ಟೆಂಪ್ಲೇಟ್‌ಗೆ ಒಂದು, ಹೋಸ್ಟ್‌ಗೆ ಒಂದು ಎಂದು ಮೂರು ಮಟ್ಟ. ಹೋಸ್ಟ್‌ನದ್ದು ಎಲ್ಲವನ್ನೂ ಮೀರುತ್ತದೆ. ಸಿದ್ಧ ಲಿನಕ್ಸ್ ಟೆಂಪ್ಲೇಟ್‌ಗಳಲ್ಲಿ ಡಿಸ್ಕ್ ಶೇ. 80 ತುಂಬಿದರೆ ಎಚ್ಚರಿಕೆ, ಶೇ. 90 ತುಂಬಿದರೆ ಗಂಭೀರ ಎಂದು ಮ್ಯಾಕ್ರೋಗಳಲ್ಲೇ ಇಟ್ಟಿರುತ್ತಾರೆ. ಮ್ಯಾಕ್ರೋಗೆ ಸಂದರ್ಭವನ್ನೂ ಅಂಟಿಸಬಹುದಾದ್ದರಿಂದ ಲಾಗ್‌ಗಳು ಬಂದು ಬೀಳುವ ಒಂದು ವಿಭಾಗಕ್ಕೆ ಮಾತ್ರ ಬೇರೆ ಮಿತಿ ಇಡಲು ಟೆಂಪ್ಲೇಟನ್ನು ನಕಲು ಮಾಡಬೇಕಿಲ್ಲ. 2012ರ 2.0 ಆವೃತ್ತಿಯಲ್ಲಿ ಬಂದ ಕೆಳಹಂತದ ಪತ್ತೆ ವ್ಯವಸ್ಥೆ ಇನ್ನೊಂದು ಶ್ರಮವನ್ನು ತಪ್ಪಿಸಿತು. ಯಂತ್ರದಲ್ಲಿ ಎಷ್ಟು ಡಿಸ್ಕ್ ವಿಭಾಗಗಳಿವೆ, ಎಷ್ಟು ನೆಟ್‌ವರ್ಕ್ ಇಂಟರ್‌ಫೇಸ್‌ಗಳಿವೆ ಎಂಬುದನ್ನು ಏಜೆಂಟ್ ಹೇಳುತ್ತದೆ. ಟೆಂಪ್ಲೇಟ್‌ನಲ್ಲಿರುವ ಮೂಲಮಾದರಿಯಿಂದ ಅಷ್ಟೂ ಪರೀಕ್ಷೆಗಳು ತಾವೇ ಹುಟ್ಟುತ್ತವೆ.

ಟೆಂಪ್ಲೇಟ್‌ಗಳನ್ನು ರಫ್ತು ಮಾಡಿ ಇನ್ನೊಂದು ಕಡೆ ಆಮದು ಮಾಡಿಕೊಳ್ಳಬಹುದು. ಡೇಟಾಬೇಸ್‌ನೊಳಗಿನ ಬದಲಾವಣೆಗಳನ್ನು ಗಿಟ್ ಎಂಬ ಆವೃತ್ತಿ ನಿರ್ವಹಣಾ ತಂತ್ರಾಂಶದಲ್ಲಿ ಕಾಪಾಡಲು ಇದೊಂದು ದಾರಿ. ಬೇಡವಾದ ಟೆಂಪ್ಲೇಟನ್ನು ಬಿಡಿಸುವಾಗ ಜಾಗ್ರತೆ ಬೇಕು. ಬರೀ ಬಿಡಿಸಿದರೆ ಅಂಶಗಳು ಹೋಸ್ಟ್ ಮೇಲೆ ಅನಾಥವಾಗಿ ಉಳಿಯುತ್ತವೆ, ಬಿಡಿಸಿ ಅಳಿಸಿದರೆ ಅವುಗಳ ಹಳೆಯ ದತ್ತಾಂಶವೂ ಹೋಗುತ್ತದೆ.

ಪ್ರೊಮೀಥಿಯಸ್ ಮತ್ತು ಲೇಬಲ್‌ಗಳು

ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಶುರುವಾಗಿ 2015ರಲ್ಲಿ ಬಹಿರಂಗವಾದ ಪ್ರೊಮೀಥಿಯಸ್, ಗೂಗಲ್‌ನ ಒಳಗಿನ ಬೋರ್ಗ್‌ಮಾನ್ ವ್ಯವಸ್ಥೆಯಿಂದ ಪ್ರೇರಣೆ ಪಡೆದದ್ದು. 2016ರಲ್ಲಿ, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ನಂತರ, ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿದ ಎರಡನೆಯ ಯೋಜನೆ ಇದು. ಇಲ್ಲಿ ಹೋಸ್ಟ್‌ಗೊಂದು ವ್ಯಾಖ್ಯೆ ಎಂಬುದೇ ಇಲ್ಲ. ಯಂತ್ರಗಳ ಪಟ್ಟಿಯನ್ನು ಕ್ಲೌಡ್‌ನಿಂದಲೋ ಕುಬರ್ನೆಟೀಸ್‌ನಿಂದಲೋ ಪ್ರೊಮೀಥಿಯಸ್ ತಾನೇ ಕೇಳಿ ತಿಳಿಯುತ್ತದೆ. ಪ್ರತಿ ಅಳತೆಗೂ ಲೇಬಲ್‌ಗಳು ಅಂಟಿಕೊಂಡಿರುತ್ತವೆ. ಒಂದು ಅಲರ್ಟ್ ನಿಯಮ ಬರೆದರೆ ಅದು ಲೇಬಲ್ ಹೊಂದುವ ಎಲ್ಲ ಯಂತ್ರಗಳಿಗೂ ಅನ್ವಯ, ಹತ್ತಿರಲಿ ಹತ್ತು ಸಾವಿರವಿರಲಿ. ನಿಮಿಷಕ್ಕೊಂದು ಕಂಟೇನರ್ ಹುಟ್ಟಿ ಸಾಯುವ ಕಡೆ ಹೆಸರು ಹಿಡಿದು ವ್ಯಾಖ್ಯೆ ಬರೆಯುವುದು ಸಾಧ್ಯವೇ ಇಲ್ಲದ್ದರಿಂದ ಈ ದಾರಿ ಅನಿವಾರ್ಯವಾಗಿತ್ತು.

ಆದರೂ ಟೆಂಪ್ಲೇಟ್ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ. ಅಲರ್ಟ್ ಸಂದೇಶದಲ್ಲಿ ಯಂತ್ರದ ಹೆಸರು, ಅಳತೆ ತುಂಬಲು ಟೆಂಪ್ಲೇಟ್ ಭಾಷೆ ಇದೆ. ಅಲರ್ಟ್ ನಿಯಮಗಳನ್ನೂ ಗ್ರಾಫ್ ತೋರಿಸುವ ಗ್ರಫಾನಾದ ಡ್ಯಾಶ್‌ಬೋರ್ಡ್‌ಗಳನ್ನೂ ಒಟ್ಟಿಗೆ ಕಟ್ಟಿ ಹಂಚುವ ಮಿಕ್ಸಿನ್ ಎಂಬ ಪೊಟ್ಟಣಗಳಿವೆ. ಇವನ್ನು ಗೂಗಲ್‌ನಲ್ಲಿ ಹುಟ್ಟಿದ ಜೆಸಾನೆಟ್ ಭಾಷೆಯಲ್ಲಿ ಬರೆಯುತ್ತಾರೆ, ಬಳಸುವವರು ತಮಗೆ ಬೇಕಾದ ಬೆಲೆಗಳನ್ನು ಮೀರಿ ಬರೆದುಕೊಳ್ಳುತ್ತಾರೆ. ಪ್ರೊಮೀಥಿಯಸ್ ಜೊತೆಗೆ ಬರುವ ಪ್ರಾಮ್‌ಟೂಲ್ ಅಲರ್ಟ್ ನಿಯಮಗಳಿಗೆ ಪರೀಕ್ಷೆ ಬರೆಯಲು ಅನುವು ಮಾಡಿಕೊಡುತ್ತದೆ. ಇಂಥ ದತ್ತಾಂಶ ಬಂದರೆ ಇಷ್ಟು ನಿಮಿಷದಲ್ಲಿ ಈ ಅಲರ್ಟ್ ಹೊರಡಲೇಬೇಕು ಎಂದು ಬರೆದಿಟ್ಟು, ಪ್ರತಿ ತಿದ್ದುಪಡಿಯ ನಂತರ ಓಡಿಸಿ ನೋಡಬಹುದು. ನಿಗಾ ಕಾನ್ಫಿಗರೇಶನ್ ಕೂಡ ಒಂದು ಪ್ರೋಗ್ರಾಂ, ಅದಕ್ಕೂ ಪರೀಕ್ಷೆ ಬೇಕು ಎಂಬ ಅರಿವು ಹಳೆಯ ತಂತ್ರಾಂಶಗಳಲ್ಲಿ ಇಷ್ಟು ಗಟ್ಟಿಯಾಗಿ ಇರಲಿಲ್ಲ.

ಹೊರಗಿನಿಂದ ಬರೆಸುವುದು

ನಿಗಾ ತಂತ್ರಾಂಶದ ಸ್ವಂತ ಟೆಂಪ್ಲೇಟ್‌ಗಳನ್ನು ಬಿಟ್ಟು, ಕಾನ್ಫಿಗ್ ಫೈಲುಗಳನ್ನೇ ಸರ್ವರ್‌ಗಳನ್ನು ಸಿದ್ಧಗೊಳಿಸುವ ಪಪೆಟ್ ಅಥವಾ ಆನ್ಸಿಬಲ್ ಉಪಕರಣಗಳಿಂದ ಬರೆಸುವ ಪದ್ಧತಿಯೂ ಇದೆ. ಪಪೆಟ್‌ನಲ್ಲಿ ಪ್ರತಿ ಸರ್ವರ್ ತನ್ನ ನಾಗಿಯೋಸ್ ವ್ಯಾಖ್ಯೆಯನ್ನು ತಾನೇ ರಫ್ತು ಮಾಡುತ್ತದೆ, ನಿಗಾ ಸರ್ವರ್ ಅವೆಲ್ಲವನ್ನೂ ಸಂಗ್ರಹಿಸುತ್ತದೆ. ಆನ್ಸಿಬಲ್‌ನಲ್ಲಿ ಜಿಂಜಾ ಟೆಂಪ್ಲೇಟ್ ಯಂತ್ರಗಳ ಪಟ್ಟಿಯ ಮೇಲೆ ಓಡಿ ಫೈಲನ್ನು ತುಂಬುತ್ತದೆ. ಸರ್ವರ್ ಕಟ್ಟಿದಾಗಲೇ ನಿಗಾಕ್ಕೂ ಸೇರಿಸಿದಂತಾಗುತ್ತದೆ, ಮರೆತುಹೋಗುವ ಪ್ರಶ್ನೆ ಇಲ್ಲ. ಆದರೆ ಜಿಂಜಾ ಟೆಂಪ್ಲೇಟ್‌ನೊಳಗೆ ನಾಗಿಯೋಸ್ ಟೆಂಪ್ಲೇಟ್, ಅದರೊಳಗೆ ಮ್ಯಾಕ್ರೋ ಎಂದು ಮೂರು ಪದರಗಳಾದರೆ, ರಾತ್ರಿ ಅಲರ್ಟ್ ಏಕೆ ಬರಲಿಲ್ಲ ಎಂದು ಹುಡುಕುವವರಿಗೆ ಮೂರೂ ಭಾಷೆ ಗೊತ್ತಿರಬೇಕಾಗುತ್ತದೆ. ಯಂತ್ರಗಳ ಪಟ್ಟಿ ಹೊರಗಿನಿಂದ, ಪರೀಕ್ಷೆಯ ನಿಯಮ ನಿಗಾ ತಂತ್ರಾಂಶದ ಒಳಗೆ ಎಂದು ಹಂಚಿಕೊಂಡವರಿಗೆ ಈ ಗೋಜಲು ಕಡಿಮೆ.

ತೊಡಕುಗಳು ಮತ್ತು ರೂಢಿಗಳು

ಬಳುವಳಿಯ ಸರಪಳಿ ಉದ್ದವಾದಷ್ಟೂ ಓದುವುದು ಕಷ್ಟ. ಆರು ಹಂತ ಮೇಲಿರುವ ಟೆಂಪ್ಲೇಟ್‌ನ ಒಂದು ಸಾಲು ಕೆಳಗಿನ ಯಂತ್ರವನ್ನು ಆಳುತ್ತಿದ್ದರೆ ಫೈಲನ್ನು ಕಣ್ಣಲ್ಲಿ ನೋಡಿ ತಿಳಿಯಲಾಗದು. ಎಲ್ಲಕ್ಕೂ ಸಾಮಾನ್ಯವಾದದ್ದು ಒಂದು, ಯಂತ್ರದ ಬಗೆಗೆ ಒಂದು, ಯಂತ್ರದ್ದೇ ಆದದ್ದು ಒಂದು: ಮೂರು ಹಂತದಾಚೆ ಹೋಗದಿರುವುದು ಕ್ಷೇಮ. ಟೆಂಪ್ಲೇಟನ್ನು ಎರಡನೆಯ ಯಂತ್ರ ಬಂದಾಗ ಬರೆದರೆ ಸಾಕು. ಒಂದೇ ಯಂತ್ರ ಬಳಸುವ ಟೆಂಪ್ಲೇಟ್ ಓದುವವರಿಗೆ ಹೊರೆ.

ಎಲ್ಲರಿಗೂ ತಾಯಿಯಾದ ಟೆಂಪ್ಲೇಟನ್ನು ತಿದ್ದುವುದು ಇಡೀ ವ್ಯವಸ್ಥೆಯನ್ನು ತಿದ್ದಿದಂತೆ. ನಾಗಿಯೋಸ್‌ನ ‘-ವಿ’ ಆಯ್ಕೆಯಾಗಲಿ ಐಸಿಂಗದ ‘-ಸಿ’ ಆಯ್ಕೆಯಾಗಲಿ ವ್ಯಾಕರಣದ ತಪ್ಪನ್ನೂ ಇಲ್ಲದ ಹೆಸರಿನ ಉಲ್ಲೇಖವನ್ನೂ ಹಿಡಿಯುತ್ತವೆ, ಅರ್ಥದ ತಪ್ಪನ್ನು ಹಿಡಿಯುವುದಿಲ್ಲ. ಬದಲಾವಣೆಗೆ ಮೊದಲಿನ ಮತ್ತು ನಂತರದ ಆಬ್ಜೆಕ್ಟ್ ಕ್ಯಾಶ್ ಫೈಲುಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ನೋಡಿದರೆ, ಒಂದು ಸಾಲಿನ ತಿದ್ದುಪಡಿ ನಿಜವಾಗಿ ಎಷ್ಟು ಯಂತ್ರಗಳನ್ನು ಮುಟ್ಟಿತೆಂದು ಕಾಣುತ್ತದೆ. ಫೈಲುಗಳು ಗಿಟ್‌ನಲ್ಲಿರಬೇಕು, ತಿದ್ದಿದ ಕಾರಣ ಜೊತೆಗೇ ಬರೆದಿರಬೇಕು. ಶೇ. 10 ಏಕೆ ಶೇ. 5 ಆಯಿತೆಂಬುದು ಎರಡು ವರ್ಷದ ನಂತರ ಬರುವ ಹೊಸಬರಿಗೆ ಫೈಲಿನಿಂದಲೇ ತಿಳಿಯಬೇಕು. ಬದಲಿಸಿದವರು ಆಗ ಆ ಕಚೇರಿಯಲ್ಲಿ ಇರಲಿಕ್ಕಿಲ್ಲ.

ಟೆಂಪ್ಲೇಟ್ ಇದೆಯೆಂದು ಸಿಕ್ಕ ಪರೀಕ್ಷೆಗಳನ್ನೆಲ್ಲ ಅದರೊಳಗೆ ತುಂಬುವ ಚಪಲವನ್ನೂ ತಡೆಯಬೇಕು. 50 ಯಂತ್ರಗಳ ಟೆಂಪ್ಲೇಟ್‌ಗೆ ಒಂದು ಪರೀಕ್ಷೆ ಸೇರಿಸುವುದೆಂದರೆ ಮಧ್ಯರಾತ್ರಿ ಕರೆ ಬರಬಹುದಾದ 50 ಹೊಸ ಕಾರಣಗಳನ್ನು ಸೇರಿಸಿದಂತೆ. ಅಲರ್ಟ್ ಬಂದರೆ ಎದ್ದು ಮಾಡುವ ಕೆಲಸ ಏನೆಂದು ಹೇಳಲಾಗದಿದ್ದರೆ ಆ ಪರೀಕ್ಷೆ ಗ್ರಾಫ್‌ನಲ್ಲಿದ್ದರೆ ಸಾಕು. ಸಿದ್ಧ ಟೆಂಪ್ಲೇಟನ್ನು ಬಳಸುವವರು ಅದರ ಪ್ರತಿ ಸಾಲನ್ನೂ ಒಮ್ಮೆ ಓದಿ. ಟೆಂಪ್ಲೇಟ್ ತಿದ್ದಿದ ದಿನವೇ ಪರೀಕ್ಷಾ ಯಂತ್ರವೊಂದನ್ನು ಬೇಕೆಂದೇ ನಿಲ್ಲಿಸಿ, ಅಲರ್ಟ್ ಸರಿಯಾದವರ ಫೋನಿಗೆ, ಸರಿಯಾದ ಹೊತ್ತಿಗೆ ಬಂತೇ ಎಂದು ನೋಡಿಕೊಳ್ಳಿ.